ಕತ್ತರಿ ಎಲ್ಲಿ ಹಾಕಬೇಕು? ಸಂಕಲನ ಮತ್ತು ಮಾಂಟಾಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಕಿರುಚಿತ್ರ ತೆಗೆಯುವವರಿಗೆ ಜಾಗದ ಬರವಿಲ್ಲ. ನಾಟಕ ಆಡಿ ಪಳಗಿದ ನಟರೂ ಸಿಗುತ್ತಾರೆ. ತೊಡಕು ಶುರುವಾಗುವುದು ಶೂಟಿಂಗ್ ಮುಗಿಸಿ ಎಡಿಟಿಂಗಿಗೆ ಕೂತ ಮೇಲೆ. ಅಲ್ಲಿ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇವೆ. ಲೆಕ್ಕವೆಲ್ಲ ಸೆಕೆಂಡಿಗೆ 24 ಫ್ರೇಮಿನದು, ಅಂದರೆ ಒಂದು ಸೆಕೆಂಡಿಗೆ 24 ಬಿಡಿ ಚಿತ್ರ.

ಬೇಡದ್ದನ್ನು ಕತ್ತರಿಸಿ ಬೇಕಾದ್ದನ್ನು ಜೋಡಿಸುವುದೇ ಎಡಿಟಿಂಗ್ ತಾನೇ?

ಮದುವೆ ವಿಡಿಯೊಗೆ ಅಷ್ಟು ಸಾಕು, ಕಥೆಗೆ ಸಾಲದು. ಕಥೆಯಲ್ಲಿ ಪ್ರತಿ ಕಟ್ ಹಾಕುವಾಗಲೂ ಸಂಕಲನಕಾರ ಕೇಳಿಕೊಳ್ಳಬೇಕಾದದ್ದು, ನೋಡುವವರಿಗೆ ಏನು ಗೊತ್ತಾಗಬೇಕು, ಅದು ಯಾವಾಗ ಗೊತ್ತಾಗಬೇಕು ಎಂದು.

ಒಂದು ದೃಶ್ಯ ಇಟ್ಟುಕೊಳ್ಳೋಣ. ಮಗ ಬೆಂಗಳೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಾನೆ. ಅಮ್ಮ ಅವನಿಗೆಂದು ಕಡುಬು ಬೇಯಿಸುತ್ತಿದ್ದಾಳೆ. ಅವನ ಚೀಲದಲ್ಲಿ ತೋಟ ಮಾರುವ ಕರಾರುಪತ್ರ ಇದೆ. ಶಾಟ್‌ಗಳು ನಾಲ್ಕೇ: ಬಸ್ಸು ಇಳಿಯುವ ಮಗ, ಒಲೆ ಮುಂದಿನ ಅಮ್ಮ, ಬಡಿಸುವ ಕೈ, ಚೀಲದಿಂದ ಇಣುಕುವ ಕಾಗದ. ಕಾಗದವನ್ನು ಮೊದಲೇ ತೋರಿಸಿದರೆ ಅಮ್ಮ ನಕ್ಕಾಗಲೆಲ್ಲ ನೋಡುವವರಿಗೆ ಕರುಳು ಹಿಂಡುತ್ತದೆ. ಕೊನೆಗೆ ತೋರಿಸಿದರೆ ಊಟ ಹಿತವಾಗಿ ಸಾಗಿ ಕಡೆಗೆ ಒಂದು ಏಟು ಬೀಳುತ್ತದೆ. ನಡುವೆ, ಅಮ್ಮ ಬಡಿಸುತ್ತಿರುವಾಗಲೇ ಕಾಗದ ಕಂಡು, ಅವಳೂ ಅದನ್ನು ನೋಡಿದಳೋ ಇಲ್ಲವೋ ತಿಳಿಯದ ಹಾಗೆ ಇಟ್ಟರೆ ಮೂರನೆಯದೇ ಒಂದು ಕಥೆಯಾಗುತ್ತದೆ. ನಮ್ಮ ಆಯ್ಕೆ ಮೂರನೆಯದು. ಆದರೆ ಅದಕ್ಕೆ ಅಮ್ಮನ ಮುಖದ ಶಾಟ್ ಒಂದು ಹೆಚ್ಚಿಗೆ ಬೇಕು. ಶೂಟಿಂಗ್ ದಿನವೇ ಅದನ್ನು ತೆಗೆದಿರದಿದ್ದರೆ ಎಡಿಟಿಂಗಿನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಎರಡು ಶಾಟ್ ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ಹೊಸ ಅರ್ಥ ಹುಟ್ಟುತ್ತದೆ ಅನ್ನುತ್ತಾರೆ. ನಿಜವೇ?

ನಿಜ. ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಇದನ್ನು ಮಾಡಿ ತೋರಿಸಿದ. ನಟ ಮೊಝುಖಿನ್‌ನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ, ಇನ್ನೊಮ್ಮೆ ಹೆಂಗಸಿನ ಚಿತ್ರದ ಜೊತೆ ಜೋಡಿಸಿದ. ಜನ ಮೊದಲನೆಯದರಲ್ಲಿ ಹಸಿವು, ಎರಡನೆಯದರಲ್ಲಿ ದುಃಖ, ಮೂರನೆಯದರಲ್ಲಿ ಆಸೆ ಕಂಡರು ಎಂಬುದು ಆ ಪ್ರಯೋಗದ ಬಗ್ಗೆ ಅಂದಿನಿಂದ ಹೇಳಿಕೊಂಡು ಬಂದ ಮಾತು.

ಮನೆಯಲ್ಲೇ ಮಾಡಿ ನೋಡಬಹುದು, ಅರ್ಧ ದಿನದ ಕೆಲಸ. ಪಕ್ಕದ ಮನೆಯ ಅಜ್ಜಯ್ಯನನ್ನು ಜಗಲಿಯ ಮೇಲೆ ಕೂರಿಸಿ, ಕ್ಯಾಮೆರಾವನ್ನು ಅವರ ಕಣ್ಣಿನ ಎತ್ತರಕ್ಕೆ ಟ್ರೈಪಾಡ್ ಮೇಲಿಟ್ಟು, ಲೆನ್ಸಿನ ಪಕ್ಕದ ಒಂದು ಗುರುತನ್ನು ನೋಡಲು ಹೇಳಿ 15 ಸೆಕೆಂಡ್ ರೆಕಾರ್ಡ್ ಮಾಡಿ. ಆಮೇಲೆ ಮೂರು ಶಾಟ್ ತೆಗೆಯಿರಿ: ಕೊಳೆರೋಗ ಬಂದು ಉದುರಿದ ಹಸಿ ಅಡಿಕೆ, ಅಂಗಳದಲ್ಲಿ ಆಡುವ ಮಗು, ಗೇಟಿನ ಹೊರಗೆ ನಿಂತ ಅಪರಿಚಿತ ಕಾರು. ಟೈಮ್‌ಲೈನಿನಲ್ಲಿ (ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಮುಖ 3 ಸೆಕೆಂಡ್, ವಸ್ತು 4 ಸೆಕೆಂಡ್, ಮತ್ತೆ ಮುಖ 4 ಸೆಕೆಂಡ್. ಮೂರರಲ್ಲೂ ಮುಖದ ಕ್ಲಿಪ್ ಅದೇ ಇರಲಿ. ಒಬ್ಬರಿಗೆ ಒಂದೇ ಆವೃತ್ತಿ ತೋರಿಸಿ, ಅಜ್ಜಯ್ಯನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ. ಮೂರನ್ನೂ ಒಬ್ಬರಿಗೇ ತೋರಿಸಿದರೆ ಗುಟ್ಟು ಬಿಟ್ಟುಕೊಡುತ್ತದೆ.

ಇದು ಕೈಕೊಡಲು ಸಾಮಾನ್ಯವಾಗಿ ಮೂರು ಕಾರಣ. ಅಜ್ಜಯ್ಯ ಕ್ಯಾಮೆರಾ ಕಂಡು ತುಸು ನಕ್ಕಿರುತ್ತಾರೆ. ಅಷ್ಟು ನಗು ಮೂರೂ ಅರ್ಥಗಳನ್ನು ಕೆಡಿಸುತ್ತದೆ. ಅವರು ಎಡಕ್ಕೆ ನೋಡುತ್ತಿದ್ದರೆ ಕಾರನ್ನು ಆ ದಿಕ್ಕಿಗೆ ಹೊಂದದ ಕೋನದಿಂದ ತೆಗೆದಿರುತ್ತಾರೆ, ಆಗ ನೋಟ ವಸ್ತುವಿಗೆ ತಾಗುವುದಿಲ್ಲ. ಇಲ್ಲವೇ ಮುಖ ಮೋಡದ ಬೆಳಕಿನಲ್ಲಿ, ಅಡಿಕೆ ಬಿಸಿಲಲ್ಲಿ ಇರುತ್ತದೆ. ಎರಡೂ ಒಂದೇ ಜಾಗ, ಒಂದೇ ಹೊತ್ತು ಅನ್ನಿಸದಿದ್ದರೆ ಮನಸ್ಸು ಅವನ್ನು ಕೂಡಿಸುವುದಿಲ್ಲ.

ಮಾಂಟಾಜ್ ಅಂದರೆ ಹಾಡಿನ ಮೇಲೆ ಬರುವ ತುಣುಕುಗಳೇ?

ಗಾಂಧಿನಗರದ ಬಳಕೆಯಲ್ಲಿ ಹೌದು. ‘ಮಾಂಟಾಜ್ ಸಾಂಗ್’ ಎಂದರೆ ನಾಯಕ ನಾಯಕಿ ತುಟಿ ಆಡಿಸದೆ, ಹಾಡಿನ ಅಡಿಯಲ್ಲಿ ದಿನಗಳು ಉರುಳುವುದು. ಹಾಲಿವುಡ್ಡಿನ ಅರ್ಥವೂ ಹೆಚ್ಚುಕಡಿಮೆ ಇದೇ, ಬಹಳ ಕಾಲವನ್ನು ಸ್ವಲ್ಪದರಲ್ಲಿ ದಾಟಿಸುವುದು. ಫ್ರೆಂಚಿನಲ್ಲಿ ಆ ಪದಕ್ಕೆ ಬರೀ ಜೋಡಣೆ ಎಂದೇ ಅರ್ಥ, ಅಲ್ಲಿ ಎಲ್ಲ ಎಡಿಟಿಂಗೂ ಮಾಂಟಾಜೇ.

ರಷ್ಯಾದ ನಿರ್ದೇಶಕ ಐಸೆನ್‌ಸ್ಟೈನ್ ಕೊಟ್ಟ ಅರ್ಥ ಬೇರೆ. ಎರಡು ಶಾಟ್ ಡಿಕ್ಕಿ ಹೊಡೆದಾಗ ಎರಡರಲ್ಲೂ ಇಲ್ಲದ ಮೂರನೆಯ ವಿಚಾರ ನೋಡುವವರ ತಲೆಯಲ್ಲಿ ಹುಟ್ಟಬೇಕು ಎಂಬುದು ಅವನ ವಾದ. 1925ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ನಲ್ಲಿ ಮೂರು ಬೇರೆ ಬೇರೆ ಕಲ್ಲಿನ ಸಿಂಹಗಳಿವೆ: ಒಂದು ಮಲಗಿದ್ದು, ಒಂದು ತಲೆ ಎತ್ತಿದ್ದು, ಒಂದು ಎದ್ದದ್ದು. ಮೂರನ್ನೂ ಚಕಚಕನೆ ಜೋಡಿಸಿದಾಗ ಕಲ್ಲೇ ಸಿಟ್ಟಿಗೆದ್ದು ನಿಂತ ಹಾಗೆ ಕಾಣುತ್ತದೆ. ಅದೇ ಚಿತ್ರದ ಒಡೆಸ್ಸಾ ಮೆಟ್ಟಿಲುಗಳ ಭಾಗದಲ್ಲಿ ಜನ ಇಳಿದು ಓಡಲು ನಿಜಕ್ಕೂ ಹಿಡಿಯುವ ಸಮಯಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಪರದೆಯ ಮೇಲೆ ಓಡುತ್ತಾರೆ. ಮಾಂಟಾಜ್ ಕಾಲವನ್ನು ಕುಗ್ಗಿಸುತ್ತದೆ ಎಂದಷ್ಟೇ ತಿಳಿದವರು ಇದನ್ನೊಮ್ಮೆ ನೋಡಬೇಕು. ಭಯದ ಹೊತ್ತನ್ನು ಹಿಗ್ಗಿಸಲೂ ಅದೇ ಉಪಾಯ.

ಅಡಿಕೆ ಸುಗ್ಗಿಯನ್ನು ಒಂದೂವರೆ ನಿಮಿಷದಲ್ಲಿ ತೋರಿಸಬೇಕು. ಹೇಗೆ ಕಟ್ಟುವುದು?

ಈ ಭಾಗದ ಕಿರುಚಿತ್ರಗಳಲ್ಲಿ ಇದು ಬಂದೇ ಬರುತ್ತದೆ, ಬಹುಪಾಲು ಸಲ ಕೃಷಿ ಇಲಾಖೆಯ ಮಾಹಿತಿ ಚಿತ್ರದ ಹಾಗೆ ಬರುತ್ತದೆ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು, ಮಂಡಿ ಎಂದು ಕ್ರಮವಾಗಿ ಜೋಡಿಸಿದರೆ ಅಡಿಕೆಯ ಕಥೆ ಆಯಿತೇ ಹೊರತು ಮನೆಯವರ ಕಥೆ ಆಗಲಿಲ್ಲ. ಮೊದಲು ತೀರ್ಮಾನಿಸಿ: ಈ ಒಂದೂವರೆ ನಿಮಿಷದ ಮೊದಲಿಗೂ ಕೊನೆಗೂ ಏನು ಬದಲಾಗಿದೆ? ಸುಲಿಯಲು ಕೂತ ಸೊಸೆಯ ಕೈಯನ್ನು ಹಿಡಿದುಕೊಳ್ಳೋಣ. ಮೊದಲ ದಿನ ಮೆಟ್ಟುಗತ್ತಿಯ (ಅಡಿಕೆ ಸುಲಿಯುವ ಕತ್ತಿ) ಮುಂದೆ ಅವಳ ಬೆರಳು ಬೆಳ್ಳಗಿವೆ. ಕೊನೆಗೆ ಅಡಿಕೆಯ ಕರೆ ಹಿಡಿದು ಕಪ್ಪಾಗಿವೆ. ನಡುವಿನದ್ದೆಲ್ಲ ಆ ಎರಡು ಶಾಟ್‌ಗಳ ನಡುವಿನ ದಾರಿ.

90 ಸೆಕೆಂಡ್ ಅಂದರೆ 2,160 ಫ್ರೇಮ್. ಇದನ್ನು ಸಮಪಾಲು ಮಾಡಬೇಡಿ. ಮೊದಲ 20 ಸೆಕೆಂಡಿಗೆ ಐದೇ ಶಾಟ್: ಮಂಜು ಕವಿದ ತೋಟ, ಮರ ಹತ್ತುವ ಕೊನೆಗೌಡನ (ಅಡಿಕೆ ಕೊಯ್ಯುವವನ) ಕಾಲು, ಮೇಲಿನಿಂದ ಹಗ್ಗದಗುಂಟ ಜಾರಿ ಬರುವ ಅಡಿಕೆ ಕೊನೆ (ಗೊಂಚಲು), ಅಂಗಳದಲ್ಲಿ ರಾಶಿ, ಸೊಸೆಯ ಬಿಳಿ ಬೆರಳು. ತಲಾ 4 ಸೆಕೆಂಡ್ ಇಟ್ಟಾಗ ನೋಡುವವರು ಉಸಿರು ಬಿಟ್ಟು ಕೂರುತ್ತಾರೆ. ಮುಂದಿನ 40 ಸೆಕೆಂಡಿಗೆ ಸುಮಾರು 25 ಶಾಟ್, ಒಂದೂವರೆ ಸೆಕೆಂಡಿನ ಆಸುಪಾಸು: ಕತ್ತಿಗೆ ಒತ್ತುವ ಅಡಿಕೆ, ಬುಟ್ಟಿಗೆ ಬೀಳುವ ಬೇಳೆ (ಸುಲಿದ ಅಡಿಕೆ), ಹಂಡೆಯ ಒಲೆಗೆ ತಳ್ಳುವ ಕಟ್ಟಿಗೆ, ಕುದಿಯುವ ಚೊಗರು (ಅಡಿಕೆ ಬೇಯಿಸುವ ಕೆಂಪು ನೀರು), ಆವಿ, ಅಟ್ಟದ ಮೇಲೆ ಹರಡುವ ಕೈ, ಲೈಟಿನ ಸುತ್ತ ಹುಳು, ತೂಕಡಿಸುವ ಮಗು. ಕೊನೆಯ 30 ಸೆಕೆಂಡಿಗೆ ಮತ್ತೆ ನಿಧಾನ, ಆರೇಳು ಶಾಟ್. ಚೀಲಕ್ಕೆ ತುಂಬುವ ‘ರಾಶಿ ಇಡಿ’ ದರ್ಜೆಯ ಅಡಿಕೆ, ಲಾರಿಯ ಹಿಂಬದಿ, ಖಾಲಿ ಅಂಗಳ, ಕಪ್ಪು ಬೆರಳು. ಆ ಕಡೆಯ ಶಾಟ್‌ಗೆ 7 ಸೆಕೆಂಡ್ ಕೊಡಿ. ಸಂಗೀತ ಅದಕ್ಕೆ ಮೊದಲೇ ನಿಂತಿರಲಿ.

ನಡುವಿನ ಭಾಗ ಬರೀ ಗಡಿಬಿಡಿ ಅನ್ನಿಸಿದರೆ ಇವನ್ನು ನೋಡಿ. ಎಲ್ಲ ಶಾಟ್‌ಗಳೂ ಒಂದೇ ದೂರದಿಂದ ತೆಗೆದವೇ? ಕೈ, ಕೈ, ಕೈ ಎಂದು ಬಂದರೆ ಕಣ್ಣು ದಣಿಯುತ್ತದೆ. ಆರು ಹತ್ತಿರದ ಶಾಟ್‌ಗೆ ಒಂದಾದರೂ ದೂರದ್ದು ಬೇಕು. ಚಲನೆಯ ದಿಕ್ಕು ಗಮನಿಸಿದ್ದೀರಾ? ಕೊನೆ ಕೆಳಗೆ ಇಳಿಯುತ್ತದೆ, ಆವಿ ಮೇಲೆ ಏಳುತ್ತದೆ, ಹರಡುವ ಕೈ ಅಡ್ಡ ಹೋಗುತ್ತದೆ. ಇಳಿಯುವ ಕೊನೆ ನೆಲ ಮುಟ್ಟುವ ಹೊತ್ತಿಗೆ ಬುಟ್ಟಿಗೆ ಬೀಳುವ ಬೇಳೆಗೆ ಕಟ್ ಮಾಡಿದರೆ ಒಂದೇ ಬೀಳುವಿಕೆ ಎರಡು ಜಾಗದಲ್ಲಿ ಮುಂದುವರಿದ ಹಾಗಾಗುತ್ತದೆ. ಇನ್ನು, ಅಂಗಳವನ್ನು ಒಂದೇ ಚೌಕಟ್ಟಿನಲ್ಲಿ ಬೇರೆ ಬೇರೆ ದಿನ ಮೂರು ಸಲ ತೆಗೆದಿದ್ದೀರಾ? ರಾಶಿ ಏರಿದ್ದು, ಕರಗಿದ್ದು ಅದರಿಂದಲೇ ಗೊತ್ತಾಗಬೇಕು. ಟ್ರೈಪಾಡ್ ಕಾಲು ಊರಿದ ಕಡೆ ನೆಲದಲ್ಲಿ ಗೂಟ ಹೊಡೆದು, ಎತ್ತರವನ್ನೂ ಲೆನ್ಸನ್ನೂ ಬರೆದಿಟ್ಟುಕೊಳ್ಳಿ.

ಸದ್ದು: ಮೆಟ್ಟುಗತ್ತಿಯ ‘ಕಚಕ್’ ತಾಳದ ಹಾಗೆ ಸಿಗುತ್ತದೆ. ಅದನ್ನು ಬೇರೆಯಾಗಿ, ಮೈಕ್ ಒಂದಡಿ ದೂರದಲ್ಲಿಟ್ಟು, ಎರಡು ನಿಮಿಷ ರೆಕಾರ್ಡ್ ಮಾಡಿ. ಪ್ರತಿ ಕಚಕ್ಕಿಗೂ ಕಟ್ ಹಾಕಿದರೆ ನಾಲ್ಕನೆಯದಕ್ಕೆ ನೋಡುವವರಿಗೆ ಲೆಕ್ಕ ಸಿಕ್ಕಿ ಮಜ ಹೋಗುತ್ತದೆ. ಎರಡಕ್ಕೆ ಹಾಕಿ, ಒಂದು ಬಿಡಿ.

ಒಂದು ಶಾಟ್ ಎಷ್ಟು ಹೊತ್ತು ಇರಬೇಕು?

ಅದರಲ್ಲಿ ಓದಬೇಕಾದದ್ದು ಎಷ್ಟಿದೆಯೋ ಅಷ್ಟು. ಜೋಗದ ದೂರದ ಶಾಟ್‌ನಲ್ಲಿ ಕಣ್ಣು ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲನ್ನೂ ಸುತ್ತಬೇಕು. ಆರು ಸೆಕೆಂಡ್ ಬೇಕೇ ಬೇಕು. ಮೇಜಿನ ಮೇಲಿನ ಬೀಗದ ಕೈಗೆ ಒಂದು ಸೆಕೆಂಡ್ ಧಾರಾಳ. ಅದೇ ಶಾಟ್ ಎರಡನೆಯ ಸಲ ಬಂದರೆ ಮೊದಲಿನ ಅರ್ಧ ಸಾಕು, ಕಣ್ಣಿಗೆ ಅದರ ಪರಿಚಯವಿದೆ. ಪತ್ರ, ಬೋರ್ಡು, ಮೊಬೈಲ್ ಸಂದೇಶವನ್ನು ನೀವು ಎರಡು ಸಲ ನಿಧಾನವಾಗಿ ಓದುವಷ್ಟು ಹೊತ್ತು ಇಡಿ. ಬರೆದವರಿಗೆ ಬಾಯಿಪಾಠ, ನೋಡುವವರಿಗೆ ಹೊಸತು.

ಆರು ಫ್ರೇಮಿಗಿಂತ ಕಡಿಮೆ ಇದ್ದರೆ ಶಾಟ್ ಕಾಣುವುದಕ್ಕಿಂತ ಮಿಂಚುತ್ತದೆ. ಬೇಕೆಂದೇ ಹಾಗೆ ಮಾಡಬಹುದು, ಆದರೆ ಕಥೆಯ ಮುಖ್ಯ ಸುಳಿವನ್ನು ಅದರಲ್ಲಿ ಇಡಬೇಡಿ.

ಮುಂದಿನದು ಒಟ್ಟು ಲಯದ ವಿಷಯ. ಯಕ್ಷಗಾನದಲ್ಲಿ ಯುದ್ಧದ ಪದಕ್ಕೆ ಚೆಂಡೆ ಏರುವುದು ಅಲ್ಲಿಯತನಕ ತಡೆದಿಟ್ಟದ್ದರಿಂದ. ಒಡ್ಡೋಲಗದಿಂದಲೇ ಅದೇ ಬಿರುಸಿನಲ್ಲಿ ಬಾರಿಸಿದರೆ ಕಾಳಗಕ್ಕೆ ಉಳಿಯುವುದು ಬರೀ ಗದ್ದಲ. ಟೈಮ್‌ಲೈನನ್ನು ಪೂರ್ತಿ ಕಾಣುವಷ್ಟು ಕುಗ್ಗಿಸಿ ನೋಡಿ. ಕಟ್‌ಗಳ ಗೆರೆಗಳು ಉದ್ದಕ್ಕೂ ಬಾಚಣಿಗೆಯ ಹಲ್ಲಿನ ಹಾಗೆ ಒಂದೇ ಅಂತರದಲ್ಲಿ ಇದ್ದರೆ ಲಯ ಇನ್ನೂ ಬಂದಿಲ್ಲ.

ಕಟ್ ಮಾಡುವ ಸರಿಯಾದ ಫ್ರೇಮ್ ಯಾವುದು?

ಚಲನೆ ಇದ್ದರೆ ಚಲನೆಯ ಒಳಗೆ. ಅಜ್ಜ ಕಾಫಿ ಲೋಟ ಎತ್ತುತ್ತಾರೆ. ದೂರದ ಶಾಟ್‌ನಿಂದ ಹತ್ತಿರದ್ದಕ್ಕೆ ಹೋಗಬೇಕು. ಎತ್ತುವ ಮುಂಚೆ ಕಟ್ ಮಾಡಿದರೆ ಎರಡು ತುಣುಕು ಎಂದು ಕಾಣುತ್ತದೆ, ಕುಡಿದ ಮೇಲೆ ಮಾಡಿದರೆ ತಡವಾಯಿತು. ಲೋಟ ಮೂರನೇ ಒಂದು ಭಾಗ ಮೇಲೆ ಬಂದಾಗ ಕಟ್ ಮಾಡಿ, ಎರಡನೆಯ ಶಾಟನ್ನು ಎರಡು ಮೂರು ಫ್ರೇಮ್ ಹಿಂದಿನ ಚಲನೆಯಿಂದ ಶುರು ಮಾಡಿ. ಹೊಸ ಚೌಕಟ್ಟಿನಲ್ಲಿ ಲೋಟ ಎಲ್ಲಿದೆ ಎಂದು ಹುಡುಕಲು ಕಣ್ಣಿಗೆ ಅಷ್ಟು ಬೇಕು. ಲೆಕ್ಕ ಹಾಕಿ ಮುಟ್ಟಿಸಿದರೆ ಲೋಟ ಜಿಗಿದ ಹಾಗೆ ಕಾಣುವುದುಂಟು.

ಚಲನೆ ಇಲ್ಲದಿದ್ದರೆ ಮುಖದಲ್ಲಿ ಯೋಚನೆ ಮುಗಿಯುವ ಕ್ಷಣ ನೋಡಿ. ಒಂದು ವಿಚಾರ ಮುಗಿದು ಇನ್ನೊಂದು ಹುಟ್ಟುವಾಗ ಜನ ಕಣ್ಣು ಮಿಟುಕಿಸುತ್ತಾರೆ. ಕಟ್ ಸಲೀಸಾಗಿ ಕೂರುವುದು ಅದರ ಹತ್ತಿರ. ಇದನ್ನು ವಿವರಿಸಿದ ಅಮೆರಿಕದ ಸಂಕಲನಕಾರ ವಾಲ್ಟರ್ ಮರ್ಚ್ ಕಟ್‌ಗೆ ಅಂಕಗಳನ್ನೂ ಹಂಚಿದ್ದಾರೆ. ನೂರಕ್ಕೆ ಭಾವಕ್ಕೆ 51, ಕಥೆಗೆ 23, ಲಯಕ್ಕೆ 10. ಕಣ್ಣು ಎಲ್ಲಿದೆ, ಗೆರೆ ದಾಟಿತೇ (ಈ ಗೆರೆಯ ವಿಷಯ ಮುಂದೆ ಬರುತ್ತದೆ), ಜಾಗದ ಹೊಂದಿಕೆ ಸರಿಯಿದೆಯೇ ಎಂಬ ಮೂರಕ್ಕೂ ಸೇರಿ 16. ಹೊಸಬರು ಇದನ್ನು ಮಗುಚಿ ಹಾಕುತ್ತಾರೆ. ಲೋಟ ಯಾವ ಕೈಯಲ್ಲಿತ್ತು ಎಂದು ಕಾಪಾಡಲು ಹೋಗಿ ಅತ್ಯುತ್ತಮ ಟೇಕನ್ನು ಬಿಡುತ್ತಾರೆ. ನಟ ಅತ್ತ ಟೇಕ್ ಇದ್ದರೆ ಲೋಟದ ಕೈ ಹಾಳಾಗಿ ಹೋಗಲಿ.

ಮಾತುಕತೆಯ ದೃಶ್ಯ ನಾಟಕದ ಹಾಗೆ ಕಾಣುತ್ತಿದೆ. ಏನು ತಪ್ಪು?

ಮಾತಾಡುವವರ ಮುಖವನ್ನೇ ಪ್ರತಿ ಸಲ ತೋರಿಸುತ್ತಿದ್ದೀರಿ. ಮಾತು ಮುಗಿದ ಫ್ರೇಮಿಗೇ ಕಟ್, ಉತ್ತರ ಶುರುವಾದ ಫ್ರೇಮಿಗೇ ಕಟ್. ಟೆನ್ನಿಸ್ ಆಟ.

ಮಗ ಹೇಳುತ್ತಾನೆ: “ಅಪ್ಪಯ್ಯ, ತೋಟ ಕೊಟ್ಟುಬಿಡೋಣ. ನೀವೂ ಅಮ್ಮನೂ ನನ್ನ ಜೊತೆಗೇ ಬಂದು ಇರಿ.” ಇದರಲ್ಲಿ ‘ತೋಟ’ ಎಂಬ ಪದ ಬೀಳುವಾಗಲೇ ಚಿತ್ರ ಅಪ್ಪಯ್ಯನ ಮೇಲಿರಬೇಕು. ಧ್ವನಿ ಮಗನದು ಮುಂದುವರಿಯುತ್ತದೆ, ಮುಖ ಕೇಳುವವರದು. ಇದು ಎಲ್ ಕಟ್. ತಿರುಗಿಸಿ, ಮುಂದಿನ ದೃಶ್ಯದ ಧ್ವನಿಯನ್ನು ಚಿತ್ರಕ್ಕಿಂತ ಮೊದಲೇ ತಂದರೆ ಜೆ ಕಟ್: ಅಪ್ಪಯ್ಯನ ಸುಮ್ಮನಿರುವ ಮುಖದ ಮೇಲೆಯೇ ಮಾರನೆಯ ಬೆಳಗಿನ ಬಸ್ಸಿನ ಹಾರ್ನು ಕೇಳಿಸುತ್ತದೆ, ಅರ್ಧದಿಂದ ಒಂದು ಸೆಕೆಂಡ್ ಆದ ಮೇಲೆ ಬಸ್ಸು ಕಾಣುತ್ತದೆ. ಹೊರಡುವ ಮಾತನ್ನು ಯಾರೂ ಆಡಬೇಕಾಗಿಲ್ಲ.

ಮಾತಿನ ನಡುವಿನ ಮೌನವೂ ನಿಮ್ಮ ಕೈಯಲ್ಲೇ ಇದೆ. ಅಪ್ಪಯ್ಯ ಶೂಟಿಂಗಿನಲ್ಲಿ ಒಂದು ಸೆಕೆಂಡಿಗೇ ಉತ್ತರ ಕೊಟ್ಟಿದ್ದರೂ, ಬೇರೆ ಟೇಕಿನಲ್ಲಿ ಅವರು ಸುಮ್ಮನೆ ಕೂತ ಮೂರು ಸೆಕೆಂಡ್ ತಂದು ನಡುವೆ ಸೇರಿಸಿದರೆ ಆ ಉತ್ತರದ ತೂಕವೇ ಬೇರೆ. ಅದಕ್ಕೇ ‘ಆ್ಯಕ್ಷನ್’ ಹೇಳುವ ಮುಂಚೆ, ‘ಕಟ್’ ಹೇಳಿದ ಮೇಲೆ ಐದೈದು ಸೆಕೆಂಡ್ ಕ್ಯಾಮೆರಾ ಓಡುತ್ತಿರಲಿ. ಎಷ್ಟೋ ಒಳ್ಳೆಯ ಮೌನಗಳು ನಟರಿಗೆ ಗೊತ್ತಿಲ್ಲದೆ ಅಲ್ಲೇ ಸಿಕ್ಕಿರುತ್ತವೆ.

180 ಡಿಗ್ರಿ ಗೆರೆ ದಾಟಿದರೆ ಏನಾಗುತ್ತದೆ?

ಜಗಲಿಯಲ್ಲಿ ಇಬ್ಬರು ಎದುರುಬದುರು ಕೂತಿದ್ದಾರೆ. ಒಬ್ಬರಿಂದ ಇನ್ನೊಬ್ಬರಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆದು, ಕ್ಯಾಮೆರಾ ಅದರ ಅಂಗಳದ ಕಡೆಯೇ ಇರಲಿ. ಒಂದು ಶಾಟನ್ನು ಬಾಗಿಲ ಕಡೆಯಿಂದ ತೆಗೆದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಮೂರನೆಯವನ ಜೊತೆ ಮಾತಾಡುವ ಹಾಗೆ ಕಾಣುತ್ತದೆ. ತೆಗೆದಾಗಿದ್ದರೆ ನಡುವೆ ದಿಕ್ಕಿಲ್ಲದ ಶಾಟ್ ಒಂದನ್ನು ಹಾಕಿ: ಎಲೆ ಅಡಿಕೆ ತಟ್ಟೆ, ಇಲ್ಲವೇ ನೇರ ಎದುರಿನಿಂದ ಮುಖ. ಚಿತ್ರವನ್ನು ಕನ್ನಡಿಯ ಹಾಗೆ ಮಗುಚುವ ಉಪಾಯವೂ ಉಂಟು, ಆದರೆ ಹಿಂದೆ ಬೋರ್ಡೋ ಕ್ಯಾಲೆಂಡರೋ ಇದ್ದರೆ ಅಕ್ಷರ ಉಲ್ಟಾ ಆಗಿ ಸಿಕ್ಕಿಬೀಳುತ್ತೀರಿ.

ಒಂದು ಶಾಟ್‌ನಲ್ಲಿ ಮಳೆ, ಮುಂದಿನದರಲ್ಲಿ ಬಿಸಿಲು. ದೃಶ್ಯ ಬಿಸಾಡಬೇಕೇ?

ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಆಷಾಢದಲ್ಲಿ ಶೂಟಿಂಗ್ ಇಟ್ಟುಕೊಂಡವರೆಲ್ಲರಿಗೂ ಇದು ಆಗುತ್ತದೆ. ಬಿಸಾಡುವ ಮುಂಚೆ ಒಂದು ಸಂಗತಿ ತಿಳಿದಿರಲಿ: ಕ್ಯಾಮೆರಾಗೆ ಮಳೆ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಹನಿಯ ಹಿಂದಿನಿಂದ ಬೆಳಕು ಬಿದ್ದು, ಹಿನ್ನೆಲೆ ಕಪ್ಪಾಗಿದ್ದರೆ ಮಾತ್ರ ಗೆರೆಗಳು ಕಾಣುತ್ತವೆ. ಬಿಳಿ ಆಕಾಶದ ಮುಂದೆ ಜಡಿಮಳೆಯೂ ಮಾಯ. ಹಾಗಾಗಿ ಮಳೆ ಇದೆಯೆಂದು ನಂಬಿಸುವುದು ಬಹುಮಟ್ಟಿಗೆ ಧ್ವನಿಯೇ. ಮಳೆ ನಿಂತ ಮೇಲೆ, ಮೋಡದ ಬೆಳಕಿನಲ್ಲಿ ತೆಗೆದ ಮುಖದ ಶಾಟ್‌ಗೆ ಹೆಂಚಿನ ಮೇಲಿನ ಮಳೆ ಸದ್ದು ಹಾಕಿ, ನಡುವೆ ಸೂರಿನಿಂದ ಇಳಿಯುವ ನೀರಿನ ಎರಡು ಸೆಕೆಂಡ್ ಸೇರಿಸಿದರೆ ಯಾರೂ ಕೇಳುವುದಿಲ್ಲ. ಹೆಂಚು, ತಗಡು, ಕೆಸುವಿನ ಎಲೆ, ಅಡಿಕೆ ಹಾಳೆ, ಪ್ರತಿಯೊಂದರ ಮೇಲೂ ಮಳೆಯ ಸದ್ದು ಬೇರೆ. ಹೆಂಚಿನ ಮನೆ ತೋರಿಸಿ ತಗಡಿನ ಮಳೆ ಕೇಳಿಸಿದರೆ ಮಲೆನಾಡಿನ ನೋಡುಗರು ಮಾತ್ರ ಪತ್ತೆ ಹಚ್ಚಿಯೇ ಹಚ್ಚುತ್ತಾರೆ.

ಮುಚ್ಚಲಾಗದ್ದು ನೆರಳು. ನೆಲದ ಮೇಲೆ ಗಟ್ಟಿ ನೆರಳು ಬಿದ್ದ ಶಾಟನ್ನು ಮೋಡದ ಶಾಟ್‌ಗೆ ಯಾವ ಕಲರ್ ಗ್ರೇಡಿಂಗೂ (ಬಣ್ಣ ತಿದ್ದುವಿಕೆಯೂ) ಹೊಂದಿಸದು. ಅಲ್ಲಿ ದೃಶ್ಯವನ್ನೇ ಎರಡಾಗಿ ಒಡೆಯಿರಿ. ಒಳಗೆ ಹೋಗುವ ಬಾಗಿಲು, ಒಲೆ, ಒದ್ದೆ ಕೊಡೆ, ಹೀಗೆ ಒಂದು ಶಾಟ್ ಹಾಕಿ ಸ್ವಲ್ಪ ಹೊತ್ತು ಕಳೆಯಿತು ಅನ್ನಿಸಿ, ಆಮೇಲೆ ಬಿಸಿಲಿಗೆ ಬನ್ನಿ.

ಕಟ್ ಮಾಡಿದ ಕಡೆಯೆಲ್ಲ ಜೀರುಂಡೆ ಸದ್ದು ಜಿಗಿಯುತ್ತದೆ. ಸರಿಪಡಿಸುವುದು ಹೇಗೆ?

ಕಣ್ಣು ಕ್ಷಮಿಸುವುದನ್ನು ಕಿವಿ ಕ್ಷಮಿಸುವುದಿಲ್ಲ. ಸಂಜೆ ಆರರ ಟೇಕಿನಲ್ಲಿ ಜೀರುಂಡೆ ಕಿರ್ರೆನ್ನುತ್ತದೆ, ಆರೂವರೆಯ ಟೇಕಿನಲ್ಲಿ ಅದು ನಿಂತು ಕಪ್ಪೆ ಶುರುವಾಗಿದೆ. ಎರಡನ್ನೂ ಜೋಡಿಸಿದಾಗ ಪ್ರತಿ ಕಟ್‌ನಲ್ಲೂ ಕಾಡು ಸ್ವಿಚ್ ಹಾಕಿ ಆರಿಸಿದ ಹಾಗೆ ಆಗುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದು, ನಟನೆ ಸರಿಯಿಲ್ಲ ಎಂದುಬಿಡುತ್ತಾರೆ.

ಶೂಟಿಂಗಿನಲ್ಲೇ ಪ್ರತಿ ಜಾಗದಲ್ಲಿ, ಪ್ರತಿ ಹೊತ್ತಿನಲ್ಲಿ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷದ ಬರೀ ವಾತಾವರಣ ರೆಕಾರ್ಡ್ ಮಾಡಿ. ಎಡಿಟಿಂಗಿನಲ್ಲಿ ಅದನ್ನು ದೃಶ್ಯದ ಉದ್ದಕ್ಕೂ ಕೆಳಗಿನ ಟ್ರ್ಯಾಕಿನಲ್ಲಿ ಹಾಸಿ, ಮಾತಿನ ತುಣುಕುಗಳ ಎರಡೂ ತುದಿಗೆ 2ರಿಂದ 4 ಫ್ರೇಮಿನ ಕ್ರಾಸ್‌ಫೇಡ್ (ಒಂದು ಸದ್ದು ತಗ್ಗುತ್ತ ಇನ್ನೊಂದು ಏರುವುದು) ಕೊಡಿ. ಹತ್ತು ಸೆಕೆಂಡಿನ ತುಂಡನ್ನೇ ಪದೇ ಪದೇ ಅಂಟಿಸಿದರೆ ಅದರೊಳಗಿನ ಒಂದು ಹಕ್ಕಿಯ ಕೂಗು ಗಡಿಯಾರದ ಹಾಗೆ ಮರಳಿ ಬಂದು ಮಾನ ಕಳೆಯುತ್ತದೆ. ಮಾತಿಗೆ ಜೀರುಂಡೆ ಗಟ್ಟಿಯಾಗಿ ಅಂಟಿದ್ದರೆ ನಾಯ್ಸ್ ರಿಡಕ್ಷನ್ ಹೆಚ್ಚಿಗೆ ಹಾಕಬೇಡಿ, ಧ್ವನಿ ಕೊಳವೆಯೊಳಗಿಂದ ಬಂದ ಹಾಗಾಗುತ್ತದೆ. ಸ್ವಲ್ಪ ತಗ್ಗಿಸಿ, ಉಳಿದದ್ದನ್ನು ಹಾಸಿದ ವಾತಾವರಣದಲ್ಲಿ ಮುಳುಗಿಸಿ. ಅದೂ ಆಗದಿದ್ದರೆ ಡಬ್ಬಿಂಗ್.

ಮೊದಲೇ ಹಾಡು ಹಾಕಿಕೊಂಡು ಅದರ ಬೀಟಿಗೆ ಎಡಿಟ್ ಮಾಡಬಹುದೇ?

ಮಾಂಟಾಜಿಗೆ ಮಾಡಬಹುದು. ಮಾತಿನ ದೃಶ್ಯಕ್ಕೆ ಬೇಡ. ಹಿನ್ನೆಲೆಯಲ್ಲಿ ವಯೊಲಿನ್ ಅಳುತ್ತಿದ್ದರೆ ಎಂಥ ಸಪ್ಪೆ ಕಟ್ ಕೂಡ ಚೆನ್ನಾಗಿದೆ ಅನ್ನಿಸುತ್ತದೆ. ಸಂಗೀತ ತೆಗೆದ ದಿನ ಬಣ್ಣ ಬಯಲಾಗುತ್ತದೆ. ಸಂಗೀತವಿಲ್ಲದೆ ನಿಲ್ಲುವ ಹಾಗೆ ಕಟ್ಟಿ, ಆಮೇಲೆ ಎಲ್ಲಿ ಬೇಕೋ ಅಲ್ಲಿ ಹಾಕಿ. ಬೀಟಿಗೆ ಕಟ್ ಹಾಕುವಾಗ ಒಂದೆರಡು ಫ್ರೇಮ್ ಮೊದಲೇ ಹಾಕಿದರೆ ಕೂಡಿಕೊಂಡ ಹಾಗೆ ಕಾಣುತ್ತದೆ, ಸರಿಯಾಗಿ ಬೀಟಿನ ಮೇಲೆಯೇ ಹಾಕಿದ್ದು ಎಷ್ಟೋ ಸಲ ತಡವಾದಂತೆ ಅನ್ನಿಸುತ್ತದೆ.

ಜಂಪ್ ಕಟ್ ತಪ್ಪೇ?

ಒಂದೇ ಕೋನದ ಶಾಟ್‌ನಲ್ಲಿ ನಡುವಿನ ತುಂಡು ತೆಗೆದು ಚಿತ್ರ ಜಿಗಿಯುವ ಹಾಗೆ ಮಾಡುವುದು ಜಂಪ್ ಕಟ್. 1960ರಲ್ಲಿ ಫ್ರಾನ್ಸಿನ ನಿರ್ದೇಶಕ ಗೊದಾರ್ ಮಾಡಿದ ಮೇಲೆ ಅದು ತಪ್ಪಲ್ಲ. ಚಡಪಡಿಕೆ, ಕಾಯುವಿಕೆ ತೋರಿಸಲು ಚೆನ್ನ. ಆದರೆ ಒಂದೇ ಒಂದು ಜಂಪ್ ಕಟ್ ಬಂದರೆ ಅದು ತಪ್ಪಿನ ಹಾಗೇ ಕಾಣುತ್ತದೆ; ಹಾಕುವುದಾದರೆ ಒಟ್ಟಿಗೆ ಮೂರು ನಾಲ್ಕು. ಬೇಡವಾದ ಕಡೆ ಜಂಪ್ ಬಾರದಿರಲು ಕ್ಯಾಮೆರಾ ಕೋನ ಕನಿಷ್ಠ 30 ಡಿಗ್ರಿ ಬದಲಾಗಲಿ, ಅಥವಾ ಶಾಟಿನ ದೂರ ಎದ್ದು ಕಾಣುವಷ್ಟು ಬದಲಾಗಲಿ.

ಡಿಸಾಲ್ವ್, ಫೇಡ್, ಪುಟ ತಿರುಗಿಸುವ ಎಫೆಕ್ಟ್?

ಡಿಸಾಲ್ವ್ (ಒಂದು ಚಿತ್ರ ಕರಗಿ ಇನ್ನೊಂದಾಗುವುದು) ಕಾಲ ಕಳೆದದ್ದಕ್ಕೆ, 24 ಫ್ರೇಮ್ ಸಾಕು. ಫೇಡ್ (ಚಿತ್ರ ಕಪ್ಪಾಗುತ್ತ ಹೋಗುವುದು) ಅಧ್ಯಾಯ ಮುಗಿದದ್ದಕ್ಕೆ. ಪುಟ ತಿರುಗಿಸುವುದು ಆಲ್ಬಮ್ ಸ್ಟುಡಿಯೊಗೆ.

ಆತಂಕ ಹುಟ್ಟಿಸಲು ಎರಡು ಕಡೆಯ ಘಟನೆಯನ್ನು ಒಟ್ಟಿಗೆ ತೋರಿಸುವುದು ಹೇಗೆ?

ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರಿನ ಸೇತುವೆ 2025ರಲ್ಲಿ ತೆರೆಯಿತು. ಅದಕ್ಕೆ ಹಿಂದಿನ ಕಾಲದ ಕಥೆ ಎಂದುಕೊಳ್ಳಿ: ತುಮರಿ ಕಡೆಯ ಬಸುರಿ ಹೆಂಗಸನ್ನು ಜೀಪಿನಲ್ಲಿ ತರುತ್ತಿದ್ದಾರೆ, ಹಿನ್ನೀರಿನ ದಡದಲ್ಲಿ ಕೊನೆಯ ಲಾಂಚ್ (ದಾಟಿಸುವ ದೋಣಿ) ಹೊರಡುವುದರಲ್ಲಿದೆ. ಜೀಪು, ಲಾಂಚ್, ಜೀಪು, ಲಾಂಚ್. ನೂರು ವರ್ಷ ಹಿಂದೆ ಅಮೆರಿಕದ ನಿರ್ದೇಶಕ ಗ್ರಿಫಿತ್ ಬಳಕೆಗೆ ತಂದ ವಿಧಾನ ಇದೇ.

ನಿಯಮ ಸರಳ. ಎರಡು ಎಳೆಗಳಲ್ಲಿ ಪ್ರತಿ ಸಲ ಮರಳಿದಾಗಲೂ ಏನೋ ಒಂದು ಮುಂದೆ ಹೋಗಿರಬೇಕು. ಲಾಂಚಿಗೆ ಮರಳಿದಾಗ ಹಗ್ಗ ಬಿಚ್ಚಿದ್ದಾರೆ. ಜೀಪಿಗೆ ಮರಳಿದಾಗ ಕೆಸರಿನಲ್ಲಿ ಚಕ್ರ ತಿರುಗುತ್ತಿದೆ. ಮತ್ತೆ ಲಾಂಚ್, ಎಂಜಿನ್ ಶುರುವಾಗಿದೆ. ಶಾಟ್‌ಗಳು 5, 4, 3, 2 ಸೆಕೆಂಡಿಗೆ ಇಳಿಯಲಿ. ಎಡವಟ್ಟಾಗುವುದು ಎರಡು ಕಡೆ. ಒಂದು, ಲಾಂಚ್ ಹೊರಡುವ ಹೊತ್ತು ಎಷ್ಟೆಂದು ಮೊದಲೇ ಹೇಳದಿರುವುದು. ಗಡಿಯಾರ ಕಾಣದೆ ಆತಂಕವಿಲ್ಲ. ಎರಡು, ಜೀಪು ಪರದೆಯಲ್ಲಿ ಎಡದಿಂದ ಬಲಕ್ಕೆ ಹೋಗುತ್ತಿದ್ದದ್ದು ನಡುವೆ ಒಂದು ಶಾಟ್‌ನಲ್ಲಿ ಬಲದಿಂದ ಎಡಕ್ಕೆ ಬರುವುದು. ಮನೆಗೆ ವಾಪಸ್ ಹೊರಟಂತೆ ಕಾಣುತ್ತದೆ.

ಫೋನಿನಲ್ಲಿ ತೆಗೆದ ವಿಡಿಯೊ, ಬೇರೆ ರೆಕಾರ್ಡರಿನ ಧ್ವನಿ. ಕೊನೆಗೆ ಬರುತ್ತ ತುಟಿ ತಪ್ಪುತ್ತದೆ. ಯಾಕೆ?

ಬಹಳಷ್ಟು ಫೋನುಗಳು ಬೆಳಕು ನೋಡಿಕೊಂಡು ಫ್ರೇಮ್ ದರವನ್ನು ತಾವೇ ಏರಿಳಿಸುತ್ತವೆ. ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಒಂದೇ ದರ ಎಂದುಕೊಂಡು ಓಡಿಸುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್ ದರಕ್ಕೆ ಬದಲಾಯಿಸಿಕೊಂಡು ಆಮೇಲೆ ಟೈಮ್‌ಲೈನಿಗೆ ತನ್ನಿ. ಮುಂದಿನ ಸಲ ದರ ಕಟ್ಟಿಹಾಕುವ ಕ್ಯಾಮೆರಾ ಆ್ಯಪ್ ಬಳಸಿ. ರೆಕಾರ್ಡರನ್ನು 48 ಕಿಲೋಹರ್ಟ್ಸ್‌ಗೆ ಇಡಿ. ಪ್ರತಿ ಟೇಕಿಗೂ ಕ್ಲ್ಯಾಪ್ ಹೊಡೆಯಿರಿ, ಬೋರ್ಡು ಇಲ್ಲದಿದ್ದರೆ ಕ್ಯಾಮೆರಾ ಮುಂದೆ ಚಪ್ಪಾಳೆಯೇ ಸಾಕು. ಟ್ಯೂಬ್‌ಲೈಟಿನ ಅಡಿಯಲ್ಲಿ ಚಿತ್ರ ಮಿನುಗುತ್ತಿದ್ದರೆ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್.

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಕಿರುಚಿತ್ರಕ್ಕೆ ಧಾರಾಳವಾಯಿತು. ಶುರು ಮಾಡುವ ಮುಂಚೆ ಟೈಮ್‌ಲೈನಿನ ಫ್ರೇಮ್ ದರ ನೋಡಿಕೊಳ್ಳಿ, ಕ್ಲಿಪ್ ಹಾಕಿದ ಮೇಲೆ ಅದನ್ನು ಬದಲಿಸಲು ಬಿಡುವುದಿಲ್ಲ. ಲ್ಯಾಪ್‌ಟಾಪ್ ತಡವರಿಸಿದರೆ ಪ್ರಾಕ್ಸಿ (ಎಡಿಟಿಂಗಿಗೆಂದು ಹಗುರ ಮಾಡಿದ ಪ್ರತಿ) ಮಾಡಿಕೊಳ್ಳಿ.

ಟೈಟಲ್ಲಿನಲ್ಲಿ ಕನ್ನಡದ ಒತ್ತಕ್ಷರ ಒಡೆದುಹೋಗುತ್ತಿದೆ.

ಯುನಿಕೋಡ್ ಫಾಂಟ್ ಬಳಸಿ. ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಾದರೆ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಇದೆ, ಅದನ್ನು ಹಾಕಿ. ಅದಕ್ಕೂ ಬಗ್ಗದಿದ್ದರೆ ಟೈಟಲನ್ನು ಬೇರೆ ಕಡೆ ಮಾಡಿ, ಹಿನ್ನೆಲೆ ಪಾರದರ್ಶಕವಿರುವ ಪಿಎನ್‌ಜಿ ಚಿತ್ರವಾಗಿ ತನ್ನಿ.

ನೋಡಿ ಕಲಿಯಲು ಇಲ್ಲಿನದೇ ಏನಿದೆ?

1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರುವಾದಾಗಿನಿಂದ ಈ ಸೀಮೆಯ ಹಳ್ಳಿಯವರಿಗೆ ಲೋಕದ ಸಿನಿಮಾ ಹೊಸತಲ್ಲ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಪೆನ್ನು ಹಿಡಿದು ನೋಡಿ. ದೊಡ್ಡವರ ಲೋಕ ನಮಗೆ ಬಹುಪಾಲು ನಾಣಿ ಎಂಬ ಹುಡುಗನ ಮೂಲಕ ತಲುಪುತ್ತದೆ. ಅವನು ಏನು ನೋಡಿದ, ನೋಡಿದ್ದರಲ್ಲಿ ಎಷ್ಟು ಅವನಿಗೆ ಅರ್ಥವಾಯಿತು, ನಮಗೆಷ್ಟು ಹೆಚ್ಚಿಗೆ ಅರ್ಥವಾಯಿತು ಎಂದು ಪ್ರತಿ ದೃಶ್ಯಕ್ಕೂ ಬರೆದುಕೊಂಡು ಹೋಗಿ. ಒಮ್ಮೆ ಧ್ವನಿ ಆರಿಸಿ ಬರೀ ಕಟ್ ಎಣಿಸಿ, ಇನ್ನೊಮ್ಮೆ ಕಣ್ಣು ಮುಚ್ಚಿ ಬರೀ ಕೇಳಿ.

ರಫ್ ಕಟ್ (ಮೊದಲ ಸಲ ಒರಟಾಗಿ ಜೋಡಿಸಿದ್ದು) 40 ನಿಮಿಷ ಬಂದಿದೆ. 15ಕ್ಕೆ ಇಳಿಸುವುದು ಹೇಗೆ, ಮುಗಿಯಿತು ಎಂದು ಯಾವಾಗ ಹೇಳುವುದು?

ಶಾಟ್‌ಗಳ ತುದಿ ಹೆರೆದು 40 ಹದಿನೈದಾಗುವುದಿಲ್ಲ, ಹೆಚ್ಚೆಂದರೆ 34 ಆಗುತ್ತದೆ. ದೃಶ್ಯಗಳೇ ಹೋಗಬೇಕು. ಪ್ರತಿ ದೃಶ್ಯಕ್ಕೂ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿ, ಅದರಿಂದ ನೋಡುವವರಿಗೆ ಹೊಸದಾಗಿ ಏನು ತಿಳಿಯುತ್ತದೆ ಎಂದು ಒಂದು ಸಾಲು ಬರೆಯಿರಿ. ಎರಡು ಚೀಟಿಯಲ್ಲಿ ಒಂದೇ ಸಾಲು ಬಂದರೆ ಒಂದು ಹೋಗಲಿ. ಉಳಿದ ದೃಶ್ಯಗಳ ಮೊದಲ ಎರಡು ಶಾಟ್, ಕೊನೆಯ ಎರಡು ಶಾಟ್ ಮುಚ್ಚಿ ನೋಡಿ. ಬಾಗಿಲು ತೆರೆದು ಬರುವುದು, ಚಪ್ಪಲಿ ಬಿಡುವುದು, ಕೂರುವುದು, ಇವೆಲ್ಲ ಬಹಳ ಸಲ ಇಲ್ಲದೆಯೂ ನಡೆಯುತ್ತದೆ. ಎಷ್ಟು ಕಷ್ಟಪಟ್ಟು ತೆಗೆದ ಶಾಟ್ ಎಂಬುದು ಲೆಕ್ಕಕ್ಕಿಲ್ಲ. ಕುಂದಾದ್ರಿಯ ತುದಿಗೆ ಟ್ರೈಪಾಡ್ ಹೊತ್ತು ತೆಗೆದ ಸೂರ್ಯೋದಯವೇ ಆದರೂ.

ತೆಗೆದದ್ದನ್ನು ಅಳಿಸಬೇಡಿ, ಬೇರೆ ಟೈಮ್‌ಲೈನಿನಲ್ಲಿಡಿ. ಫೈಲಿಗೆ ‘ಫೈನಲ್’, ‘ಫೈನಲ್ ಹೊಸದು’ ಎಂದು ಹೆಸರಿಡುವ ಬದಲು ತಾರೀಕು ಮತ್ತು ಸಂಖ್ಯೆ ಹಾಕಿ. ಕಥೆ ಗೊತ್ತಿಲ್ಲದ ಮೂವರಿಗೆ ತೋರಿಸಿ. ಚೆನ್ನಾಗಿದೆಯೇ ಎಂದು ಕೇಳಬೇಡಿ, ಏನು ನಡೆಯಿತು ಎಂದು ಕಥೆ ಹೇಳಿಸಿ. ಅವರು ತಡವರಿಸಿದ ಜಾಗದಲ್ಲಿ ನಿಮಗೆ ಕೆಲಸವಿದೆ. ಅವರು ಮೊಬೈಲ್ ತೆಗೆದ ನಿಮಿಷವನ್ನೂ ಗುರುತು ಹಾಕಿಕೊಳ್ಳಿ.

ಆಮೇಲೆ ಲಾಕ್, ಅಂದರೆ ಇನ್ನು ಕಟ್‌ಗಳನ್ನು ಮುಟ್ಟುವುದಿಲ್ಲ ಎಂಬ ತೀರ್ಮಾನ. ಲಾಕ್ ಆದ ಮೇಲೆ ಡಬ್ಬಿಂಗ್, ಸಂಗೀತ, ಕಲರ್, ಸಬ್‌ಟೈಟಲ್ ಎಲ್ಲವೂ ಆ ಟೈಮ್‌ಲೈನಿನ ಲೆಕ್ಕದಲ್ಲೇ ನಡೆಯುತ್ತವೆ. ನಡುವೆ ಹನ್ನೆರಡು ಫ್ರೇಮ್ ತೆಗೆದರೂ ಅಲ್ಲಿಂದಾಚೆಗಿನದೆಲ್ಲ ಅರ್ಧ ಸೆಕೆಂಡ್ ಜಾರುತ್ತದೆ. ಫೂಟೇಜಿನ ಎರಡು ಪ್ರತಿ ಎರಡು ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಬೇರೆ ಮನೆಯಲ್ಲಿರಲಿ. ಮಳೆಗಾಲದಲ್ಲಿ ಎಕ್ಸ್‌ಪೋರ್ಟ್ ಹಾಕುವ ಮುಂಚೆ ಯುಪಿಎಸ್ ಚಾರ್ಜ್ ಆಗಿದೆಯೇ ನೋಡಿಕೊಳ್ಳಿ. ಗುಡುಗು ಶುರುವಾಗಿದ್ದರೆ ಹಾಕಲೇಬೇಡಿ, ಪ್ಲಗ್ ಕಿತ್ತಿಡಿ.